ಎರೆಹೊಲದ ಇಲಿಗಳು ಲಂಡನ್ನಿನ ಪಟ್ಟಿ ಸೇರಿದ ಕಥೆ

1826ರಲ್ಲಿ ಧಾರವಾಡ ಸೀಮೆಯಲ್ಲಿ ಮಳೆಗಾಲದ ಮೊದಲ ಮಳೆಗಳು ಕೈಕೊಟ್ಟವು. ಬರದ ಅಂಜಿಕೆಯಲ್ಲಿದ್ದ ರೈತನಿಗೆ ಆ ವರ್ಷ ಎರಡನೆಯ ಪೆಟ್ಟು ನೆಲದೊಳಗಿಂದ ಬಂತು. ಇಲಿಗಳು ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ಹೆಕ್ಕಿ ತಿಂದವು. ಅದರಿಂದ ಪಾರಾದ ಬೆಳೆ ತೆನೆ ಕಟ್ಟಿದಾಗ ಜೋಳದ ದಂಟು ಹತ್ತಿ, ತೆನೆಯನ್ನೇ ಕಡಿದು ಕೆಡವಿ ಕಾಳು ಮುಕ್ಕಿದವು. ಹೊಲಕ್ಕೆ ಹೊಲವೇ ಬರಿದಾಯಿತು. ಸರ್ಕಾರಕ್ಕೆ ಕಂದಾಯ ಕಟ್ಟುವುದು ರೈತರಿಂದ ಆಗಲಿಲ್ಲ. ಕೊನೆಗೆ ಅವರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ ಗೊತ್ತುಮಾಡಿದರು. ವಡ್ಡರು ಸಾವಿರಗಟ್ಟಲೆ ಕೊಂದರು. ಆದರೂ ಇಲಿ ಕಡಿಮೆಯಾದವೆಂದು ಯಾರಿಗೂ ಅನ್ನಿಸಲಿಲ್ಲ.

ಈ ಸಂಗತಿ ಇಂದಿಗೂ ನಮಗೆ ತಿಳಿದಿರುವುದು ಒಬ್ಬ ಕಂದಾಯ ಅಧಿಕಾರಿಯಿಂದ. ಹಾಳಾದ ಹೊಲಗಳನ್ನು ಕಣ್ಣಾರೆ ಕಂಡವನು ವಾಲ್ಟರ್ ಎಲಿಯಟ್. ಆಗ ಅವನ ವಯಸ್ಸು 23. ಅವನ ಜಾಗದಲ್ಲಿದ್ದ ಬೇರೆ ಅಧಿಕಾರಿಗಳಿಗೆ ವಸೂಲಾಗದ ಬಾಕಿಯಷ್ಟೇ ಕಾಣುತ್ತಿತ್ತೇನೋ. ಎಲಿಯಟ್‌ನಿಗೆ ಮಾತ್ರ ಈ ಇಲಿ ಯಾವುದು, ಎಲ್ಲಿ ವಾಸಿಸುತ್ತದೆ, ಮಳೆ ತಪ್ಪಿದ ವರ್ಷವೇ ಯಾಕೆ ಹೀಗೆ ಹೆಚ್ಚಿತು ಎಂಬ ಪ್ರಶ್ನೆಗಳು ಹುಟ್ಟಿದವು. ಅವನ್ನು ಬೆನ್ನುಹತ್ತಿ ಹೋದ ಫಲವಾಗಿ, 1839ರಲ್ಲಿ ‘ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಆ್ಯಂಡ್ ಸೈನ್ಸ್’ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟವಾಯಿತು. ಇಂದಿನ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆಯ ಕಡೆಯ ಕಾಡುಮೃಗ, ಹೊಲದ ಇಲಿ, ಬಾವಲಿಗಳನ್ನು ವಿಜ್ಞಾನದ ಕ್ರಮದಲ್ಲಿ ಲೆಕ್ಕಕ್ಕೆ ತಂದ ಮೊದಲಿನ ಬರಹಗಳಲ್ಲಿ ಇದೊಂದು.

ಎಲಿಯಟ್‌ನ ಹೆಸರು ಕನ್ನಡಿಗರಿಗೆ ಬೇರೆ ಕಾರಣಕ್ಕೆ ಪರಿಚಿತ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದನಲ್ಲ, ಆಗ ರಾಣಿ ಚೆನ್ನಮ್ಮನ ಸೈನಿಕರ ಕೈಗೆ ಸೆರೆ ಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಇದೇ ಎಲಿಯಟ್. ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಎಡಿನ್‌ಬರೋದಲ್ಲಿ 1803ರಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ಕಾಲೇಜಿನಲ್ಲಿ ಕಲಿತು ಬಂದಿದ್ದ ಆ ತರುಣ, ಜೀವ ಉಳಿದದ್ದೇ ಸಾಕೆಂದು ಈ ನಾಡನ್ನು ಬಿಟ್ಟು ಓಡಲಿಲ್ಲ. 1830ರಲ್ಲಿ ಧಾರವಾಡ ಸೀಮೆ ಮದ್ರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಹೋಯಿತು. ಮದ್ರಾಸಿನ ನೌಕರನಾಗಿದ್ದರೂ ಅವನು 1833ರವರೆಗೆ ಇಲ್ಲಿಯೇ ಉಳಿದ. ಅಷ್ಟು ವರ್ಷ ಊರೂರು ಸುತ್ತಿದ ಅಧಿಕಾರಿಗೆ ನೆಲದ ಬಣ್ಣ, ಜನರ ಮಾತು, ಬೇಟೆಯ ಜಾಡು ಎಲ್ಲವೂ ಪರಿಚಯವಾಗಿದ್ದವು.

ಅವನು ವರ್ಣಿಸಿದ ನೆಲದ ಅಪ್ಪಟ ರೂಪ ನೋಡಬೇಕೆಂದರೆ ಇಂದಿಗೂ ರೋಣ, ನರಗುಂದದ ಬಯಲಿಗೆ ಹೋಗಬೇಕು. ಅಂದು ನರಗುಂದ ಭಾವೆ ಮನೆತನದ ಸಂಸ್ಥಾನ, ಗಜೇಂದ್ರಗಡ ಘೋರ್ಪಡೆಯವರದು. ಆಳುವವರು ಯಾರಾದರೇನು, ನೆಲ ಒಂದೇ. ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರುವ ಮೆಣಸಗಿಯ ಸುತ್ತಮುತ್ತ ಕಣ್ಣು ಹಾಯುವಷ್ಟು ದೂರ ಎರೆ, ಎಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಅಂಟುವ ಈ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಕೈ ಇಳಿಬಿಟ್ಟರೆ ತೋಳು ಪೂರ್ತಿ ಒಳಗೆ ಹೋಗುವಂಥ ಬಿರುಕುಗಳು ಹೊಲದ ತುಂಬ ಬಾಯ್ತೆರೆದುಕೊಳ್ಳುತ್ತವೆ. ಇಲ್ಲಿಂದ ಪೂರ್ವಕ್ಕೆ, ಗಜೇಂದ್ರಗಡದ ಕಲ್ಲುಗುಡ್ಡಗಳತ್ತ ಹೊರಟರೆ ಎರೆ ಮುಗಿದು ಮಸಾರಿ ಬರುತ್ತದೆ. ಅದು ಕೆಂಪು, ಗರಸು ಕೂಡಿದ ನೆಲ. ಎಲಿಯಟ್ ಇಲಿಗಳನ್ನು ವಿಂಗಡಿಸಿದ್ದೂ ಬಹುಮಟ್ಟಿಗೆ ಈ ಎರಡು ನೆಲಗಳ ಮೇಲೆಯೇ.

ಎರೆಯ ಇಲಿಗಳನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅದಾಗಲೇ ಇಲ್ಲಿದ್ದರು. ಕೆರೆ ತೋಡುವ, ಒಡ್ಡು ಹಾಕುವ, ಕಲ್ಲು ಒಡೆಯುವ ವಡ್ಡರು ಊರಿಂದೂರಿಗೆ ಹೋಗುತ್ತಿದ್ದರು. ಅವರ ಮನೆಮಾತು ತೆಲುಗಿನ ಒಂದು ಬಗೆ. ಇಲಿ ಅವರಿಗೆ ಆಹಾರ. ಯಾವ ಬಿಲದಲ್ಲಿ ಯಾವ ಇಲಿ, ಎಷ್ಟು ಆಳ, ಬಾಯಿ ಎಷ್ಟು, ಕಾಳಿನ ಕೋಣೆ ಎಲ್ಲಿ ಎಂಬುದು ಗುದ್ದಲಿ ಹಾಕುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಸುಗ್ಗಿಯ ಕಾಲದಲ್ಲಿ ಅವರು ಹೊಲ ಹೊಲ ತಿರುಗಿ, ಕನ್ನಡದಲ್ಲಿ ‘ಕೋಕ್’ ಎಂದು ಕರೆಯುತ್ತಿದ್ದರೆಂದು ಎಲಿಯಟ್ ಬರೆದಿಟ್ಟ ದೊಡ್ಡ ಹೆಗ್ಗಣದಂಥ ಇಲಿಯ ಬಿಲ ಅಗೆಯುತ್ತಿದ್ದರು. ಚಳಿಗಾಲಕ್ಕೆಂದು ಅದು ಕೂಡಿಟ್ಟ ಜೋಳ ಒಂದು ಬಿಲದಲ್ಲಿ ಕೆಲವೊಮ್ಮೆ ಅರ್ಧ ಸೇರಿನಷ್ಟು ಸಿಗುತ್ತಿತ್ತು. ಅದರಲ್ಲಿ ಇಡೀ ತೆನೆಗಳೂ ಇರುತ್ತಿದ್ದವು. ಫಸಲು ಚೆನ್ನಾಗಿದ್ದ ಕಡೆ ಆ ಋತುವಿನಲ್ಲಿ ವಡ್ಡರು ಹೆಚ್ಚುಕಡಿಮೆ ಇದರ ಮೇಲೆಯೇ ಹೊಟ್ಟೆ ಹೊರೆಯುತ್ತಿದ್ದರಂತೆ. ರೈತನ ಹೊಲದಿಂದ ಇಲಿ ಕದ್ದದ್ದು ಹೀಗೆ ಕೂಲಿಯವನ ಮಡಕೆಗೆ ಬರುತ್ತಿತ್ತು. ನಾಳೆಗೆಂದು ಕೂಡಿಡುವ ಈ ಗುಣ ಎಲಿಯಟ್‌ನಿಗೆ ಎಷ್ಟು ಹಿಡಿಸಿತೆಂದರೆ, ತನ್ನ ಪಟ್ಟಿಯಲ್ಲಿ ಅದಕ್ಕೆ ‘ಪ್ರಾವಿಡೆನ್ಸ್’ ಎಂಬ ಲ್ಯಾಟಿನ್ ಹೆಸರಿಟ್ಟ. ಮುಂದಿನದನ್ನು ಯೋಚಿಸುವುದು ಎಂದು ಅದರ ಅರ್ಥ. ಇಷ್ಟು ಜಾಣ ಪ್ರಾಣಿಗೂ ಎರೆ ಕರುಣೆ ತೋರಿಸುವುದಿಲ್ಲ. ದೊಡ್ಡ ಮಳೆ ಬಂದರೆ ಬಿಲಕ್ಕೆ ನೀರು ನುಗ್ಗಿ, ಕಣಜ ಕೊಳೆತು, ಅದು ಹೊಸ ಜಾಗ ಹುಡುಕಬೇಕಾಗುತ್ತದೆ.

1826ರಲ್ಲಿ ಹೊಲ ಹಾಳುಮಾಡಿದ್ದು ಮಾತ್ರ ಕೋಕ್ ಅಲ್ಲ; ಅದಕ್ಕಿಂತ ಚಿಕ್ಕದು, ಮೆತ್ತಗಿನ ಕೂದಲಿನದು. ವಡ್ಡರು ಅದನ್ನು ‘ಮೆಟ್ಟಡೆ’ ಎನ್ನುತ್ತಿದ್ದರು. ಬಿಲ ತೋಡುವುದರಲ್ಲಿ ಅದು ಸೋಮಾರಿ. ಪೊದೆಯ ಬುಡದಲ್ಲಿ ಒಂದಿಷ್ಟು ಕೆದರಿಕೊಂಡು, ಇಲ್ಲವೆ ಹೊಲದ ಬದುವಿಗೆ ಆರಿಸಿ ಹಾಕಿದ ಕಲ್ಲುಗುಪ್ಪೆಯಲ್ಲಿ, ಕೋಕ್ ಬಿಟ್ಟುಹೋದ ಹಳೆಯ ಬಿಲದಲ್ಲಿ, ಏನೂ ಸಿಗದಿದ್ದರೆ ಬೇಸಿಗೆಯ ಬಿರುಕಿನಲ್ಲಿ ಐದಾರು ಕೂಡಿ ಇದ್ದುಬಿಡುತ್ತವೆ. ಮೊದಲ ದೊಡ್ಡ ಮಳೆಗೆ ಎರೆ ಉಬ್ಬಿ ಬಿರುಕು ಮುಚ್ಚಿಕೊಂಡಾಗ ಒಳಗಿದ್ದವು ಲೆಕ್ಕವಿಲ್ಲದಷ್ಟು ಸಾಯುತ್ತವೆ. ಎಲಿಯಟ್‌ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. 1826ರಲ್ಲಿ ಆ ಮೊದಲ ಮಳೆಯೇ ಸಾಲದಾಯಿತು. ಪ್ರತಿವರ್ಷ ಮಣ್ಣೇ ಮಾಡುತ್ತಿದ್ದ ಸಂಹಾರ ಆ ವರ್ಷ ನಡೆಯಲಿಲ್ಲ. ಮಳೆ, ಮಣ್ಣು, ಇಲಿ, ಬೆಳೆ ಈ ನಾಲ್ಕನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಈ ಮಾತು ಜೀವಪರಿಸರ ವಿಜ್ಞಾನಕ್ಕೆ ಇನ್ನೂ ಹೆಸರೇ ಹುಟ್ಟಿರದ ಕಾಲದ್ದು. ಇಡೀ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎನ್ನಬೇಕು.

ಮಸಾರಿಯ ಇಲಿಯ ನಡವಳಿಕೆ ಬೇರೆಯೇ. ವಡ್ಡರ ಬಾಯಲ್ಲಿ ‘ಲೆಗ್ಗಡೆ’ ಆಗಿದ್ದ ಈ ಪುಟ್ಟ ಪ್ರಾಣಿ ಕೆಂಪು ಗರಸುನೆಲದ ದಿಬ್ಬದ ಓರೆಯಲ್ಲಿ ಬಿಲ ತೋಡುತ್ತದೆ. ಒಳಗೆ ಹೋದ ಮೇಲೆ ಬಾಗಿಲನ್ನು ಸಣ್ಣ ಸಣ್ಣ ಹರಳುಗಳಿಂದ ಮುಚ್ಚಿಕೊಳ್ಳುತ್ತದೆ. ಹೊರಗೆ ಹರಳಿನ ಚಿಕ್ಕ ರಾಶಿ ಕಂಡರೆ ಒಳಗೆ ಲೆಗ್ಗಡೆ ಇದೆಯೆಂದೇ ಲೆಕ್ಕ. ಎಲಿಯಟ್ ಬಿಲ ಅಗೆದು ನೋಡಿದಾಗ ಒಳಗಿನ ಕೋಣೆಯಲ್ಲಿಯೂ ಹರಳಿನ ಹಾಸಿಗೆ ಇತ್ತು. ಹೊಟ್ಟೆಯಡಿಯ ದಟ್ಟ ಕೂದಲೇ ಆ ಹರಳುಗಳ ತಣ್ಪು, ಒರಟುಗಳಿಂದ ಇಲಿಯನ್ನು ಕಾಯುತ್ತದೆ ಎಂದು ಅವನು ಊಹಿಸಿದ. ಇನ್ನು ‘ಗುಲಂದಿ’ ಎಂಬ ಕನ್ನಡ ಹೆಸರಿನಲ್ಲಿ ಅವನು ದಾಖಲಿಸಿದ ಪೊದೆಯಿಲಿ. ಮುಳ್ಳುಕಂಟಿಯೊಳಗೆ ಒಣಹುಲ್ಲಿನ ಎಳೆಗಳನ್ನು ಹೆಣೆದು 6ರಿಂದ 9 ಅಂಗುಲ ಅಗಲದ ಗೂಡು ಕಟ್ಟುತ್ತದೆ. ದಿನವೂ ಓಡಾಡಿ ಪೊದೆಯ ಸುತ್ತ ಸಣ್ಣ ಕಾಲುದಾರಿಗಳನ್ನೇ ಸವೆಸಿರುತ್ತದೆ. ಅದರ ಹೊಟ್ಟೆ ಸೀಳಿ ನೋಡಿದಾಗ ಸಿಕ್ಕಿದ್ದು ಗರಿಕೆಯ ಬೇರು ಮಾತ್ರ.

ಇಷ್ಟೆಲ್ಲ ತಿಳಿದರೂ ವಿಜ್ಞಾನದ ಪಾಲಿಗೆ ಪ್ರಾಣಿ ‘ಇದೆ’ ಎನ್ನಿಸಿಕೊಳ್ಳಲು ಇನ್ನೊಂದು ಕೆಲಸ ಆಗಲೇಬೇಕಿತ್ತು. ಅದರ ಮಾದರಿ ಕೆಡದೆ ದೂರದ ಸಂಗ್ರಹಾಲಯ ಮುಟ್ಟಬೇಕು. ಅಂದಿನ ರೂಢಿ ಹೀಗಿತ್ತು: ಸತ್ತ ಕೂಡಲೇ ಮೂತಿಯಿಂದ ಬಾಲದ ಬುಡದವರೆಗೆ, ಬಾಲ, ಹಿಂಗಾಲು, ಕಿವಿ ಎಲ್ಲವನ್ನೂ ಅಳೆದು ಬರೆದಿಡಬೇಕು. ಚರ್ಮ ಒಣಗಿದರೆ ಕುಗ್ಗುತ್ತದೆ, ಆಮೇಲೆ ಅಳತೆ ತೆಗೆದು ಪ್ರಯೋಜನವಿಲ್ಲ. ಹೊಟ್ಟೆಯ ಕಡೆ ಸೀಳಿ, ಚರ್ಮವನ್ನು ಅಂಗಿ ಕಳಚಿದಂತೆ ಬಿಡಿಸಿ, ಒಳಮೈಗೆ ಪಾಷಾಣ ಬೆರೆಸಿದ ಸಾಬೂನು ಸವರಬೇಕು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಕಂಡುಹಿಡಿದ ಈ ಸಾಬೂನು ಹುಳುಗಳಿಗೆ ವಿಷ, ಹಚ್ಚುವವನ ಉಗುರಿಗೂ ಶ್ವಾಸಕ್ಕೂ ವಿಷ. ಬಳಿಕ ಹತ್ತಿ ತುಂಬಿ ಹೊಲಿದು ನೆರಳಲ್ಲಿ ಆರಿಸಬೇಕು. ತಲೆಬುರುಡೆ ಬೇಯಿಸಿ ಶುಚಿಮಾಡಿ ಜೊತೆಗಿಡಬೇಕು, ಯಾಕೆಂದರೆ ಇಲಿಗಳ ಜಾತಿ ಕೊನೆಗೆ ತೀರ್ಮಾನವಾಗುವುದು ಹಲ್ಲುಗಳ ಮೇಲೆ. ಬಾಲಕ್ಕೋ ಕಾಲಿಗೋ ಒಂದು ಚೀಟಿ ಕಟ್ಟಬೇಕು. ಚೀಟಿ ಕಳೆದುಹೋದ ಮಾದರಿ ಬರೀ ತೊಗಲು. ಮಳೆಗಾಲದ ಧಾರವಾಡದಲ್ಲಿ ಬೂಷ್ಟು ಹಿಡಿಯದಂತೆ, ಇರುವೆ ಮುತ್ತದಂತೆ ಇವನ್ನು ಕಾಯುವುದು ಬೇಟೆಗಿಂತ ಕಷ್ಟದ ಕೆಲಸ.

ಯುರೋಪಿನಲ್ಲೂ ಅದು ಸಂಗ್ರಹದ ಹುಚ್ಚಿನ ಕಾಲ. ಇಂಗ್ಲೆಂಡಿನ ಕಡಲದಂಡೆಗಳಲ್ಲಿ ಜನ ಕಡಲಪಾಚಿಯನ್ನು ಆರಿಸಿ ತಂದು, ಸಿಹಿನೀರಲ್ಲಿ ತೇಲಿಸಿ, ಹಾಳೆಯ ಮೇಲೆ ಎಳೆ ಎಳೆಯಾಗಿ ಹರಡಿ ಒತ್ತಿ ಒಣಗಿಸುತ್ತಿದ್ದರು. ಆ್ಯನಾ ಆಟ್ಕಿನ್ಸ್ 1843ರಲ್ಲಿ ಅಂಥ ಪಾಚಿಗಳ ನೀಲಿ ಬಿಸಿಲಚ್ಚುಗಳ ಪುಸ್ತಕವನ್ನೇ ಹೊರತರಲು ತೊಡಗಿದಳು. ಪಾಚಿ ಒತ್ತಿದ ಹಾಳೆಗಾಗಲಿ ಹತ್ತಿ ತುಂಬಿದ ಇಲಿಗಾಗಲಿ ಬೇಕಾದದ್ದು ಒಂದೇ: ಎಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು ಎಂಬ ನಂಬಲರ್ಹ ಬರಹ.

ಎಲಿಯಟ್ ಕೊಟ್ಟ ಮಾದರಿಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅಲ್ಲಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಹೊಸ ಸಸ್ತನಿಗಳನ್ನು ವರ್ಣಿಸಿ ಒಂದು ಲೇಖನ ಪ್ರಕಟಿಸಿದ. ಗುಲಂದಿಯಿಂದ ‘ಗೊಲುಂಡ’ ಎಂಬ ಹೊಸ ಕುಲವನ್ನೇ ಕಟ್ಟಿ, ಪೊದೆಯಿಲಿಗೆ ‘ಗೊಲುಂಡ ಎಲಿಯಟಿ’ ಎಂದು ಹೆಸರಿಟ್ಟ. ಲೆಗ್ಗಡೆ ‘ಲೆಗ್ಗಡ’ ಎಂಬ ಕುಲವಾಯಿತು. ಆ ಹರಳಿನ ಇಲಿಗೆ ಜಾತಿಯ ಹೆಸರನ್ನು 1832ರಲ್ಲೇ ಬೆನೆಟ್ ಎಂಬವನು ಕೊಟ್ಟಿದ್ದ. ಕೋಕ್ ‘ಮಸ್ ಕೋಕ್’ ಆಯಿತು. ಮೆಟ್ಟಡೆಯೊಂದೇ ದಾರಿಯಲ್ಲಿ ಪೆಟ್ಟು ತಿಂದಿತು. ಲಂಡನ್ನಿನಲ್ಲಿ ಅದು ‘ಮೆಲ್ಟಡ’ ಎಂದು ಅಚ್ಚಾಯಿತು. ಪ್ರಾಣಿಗಳ ಹೆಸರಿನ ನಿಯಮದಲ್ಲಿ ಮೊದಲು ಅಚ್ಚಾದ ರೂಪಕ್ಕೇ ಮನ್ನಣೆ. ಹಾಗಾಗಿ ಇಂದಿಗೂ ಜಗತ್ತಿನ ಎಲ್ಲ ಪುಸ್ತಕಗಳಲ್ಲಿ ಅದು ‘ಮಿಲಾರ್ಡಿಯ ಮೆಲ್ಟಡ’. ಎರಡು ವರ್ಷಗಳ ಬಳಿಕ ಬಂದ ಎಲಿಯಟ್‌ನ ಪಟ್ಟಿಯಲ್ಲಿ ವಡ್ಡರ ಉಚ್ಚಾರ ನೆಟ್ಟಗೆ ಇದ್ದರೂ ಫಲವಾಗಲಿಲ್ಲ.

ಗುದ್ದಲಿ ಹಿಡಿದು ಬಿಲ ಬಿಡಿಸಿ ತೋರಿಸಿದ ಆ ವಡ್ಡರ ಹೆಸರುಗಳು ಈ ಚರಿತ್ರೆಯಲ್ಲಿ ಉಳಿಯದೇ ಹೋದದ್ದು ದೊಡ್ಡ ನಷ್ಟ. ಮಾದರಿ ಕೊಟ್ಟವನೆಂದು ಎಲಿಯಟ್‌ನ ಹೆಸರಿದೆ, ವರ್ಣಿಸಿದವನೆಂದು ಗ್ರೇ ಹೆಸರಿದೆ. ಹಾಗಿದ್ದರೂ ಎಲಿಯಟ್ ಒಂದು ನ್ಯಾಯ ಮಾಡಿದ. ತನಗೆ ಗೊತ್ತಾದದ್ದು ಯಾರಿಂದ ಎಂಬುದನ್ನು ಮುಚ್ಚಿಡಲಿಲ್ಲ. ‘ವಡ್ಡರು ಹೀಗೆನ್ನುತ್ತಾರೆ’, ‘ಕುರುಬರು ಹೀಗೆನ್ನುತ್ತಾರೆ’, ‘ರೈತರ ನಂಬಿಕೆ ಹೀಗಿದೆ’ ಎಂದು ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆದ. ಪ್ರತಿ ಪ್ರಾಣಿಗೂ ಇಲ್ಲಿನವರು ಇಟ್ಟ ಹೆಸರು ಕೇಳಿ ಸೇರಿಸಿದ.

ತೋಳದ ಬಗ್ಗೆ ಅವನು ಬರೆದ ಪುಟ ಇದಕ್ಕೆ ಒಳ್ಳೆಯ ಸಾಕ್ಷಿ. ಚಿಗರಿಯ ಹಿಂಡು ಮೇಯುವಾಗ ತೋಳಗಳು ಸುತ್ತಲೂ ಅಲ್ಲಲ್ಲಿ ಅಡಗಿ ಕೂತು, ತಮ್ಮ ಹತ್ತಿರ ಬಂದದ್ದನ್ನು ಹಿಡಿಯುತ್ತವೆ. ಒಮ್ಮೆ ಮೂರು ತೋಳಗಳು ಬುದರಿಗಳ, ಎಂದರೆ ಚಿಂಕಾರಗಳ, ಹಿಂಡನ್ನು ಒಂದು ಹಳ್ಳದ ಕಡೆ ಅಟ್ಟಿದವು. ಹಳ್ಳದಲ್ಲಿ ಇನ್ನೆರಡು ಹೊಂಚುಹಾಕಿ ಕಾದಿದ್ದವು. ಇದು ಕಣ್ಣಿಗೆ ಬಿದ್ದ ಸಂಗತಿ. ಮರೆಯೇ ಇಲ್ಲದ ಬಟ್ಟಬಯಲಿನಲ್ಲಿ ತೋಳ ನೆಲ ಕೆದರಿ ಕುಳಿ ಮಾಡಿ ಅದರಲ್ಲಿ ಮಲಗುತ್ತದೆ, ಉಳಿದವು ಹಿಂಡನ್ನು ಅದರ ಮೇಲೆಯೇ ಓಡಿಸಿ ತರುತ್ತವೆ ಎಂಬುದು ರೈತರು ಹೇಳಿದ್ದು. ಕುರಿಹಟ್ಟಿಗೆ ನುಗ್ಗಿದಾಗ ಕೆಲವು ತೋಳ ನಾಯಿಗಳನ್ನು ತಡೆದು ನಿಲ್ಲಿಸಿದರೆ ಉಳಿದವು ಕುರಿ ಎಳೆದೊಯ್ಯುತ್ತವೆ ಎಂಬುದು ಕುರುಬರ ಮಾತು. ಹಿಂಡು ಬಿಟ್ಟು ಒಂಟಿಯಾಗಿ ತಿರುಗುವ ದೊಡ್ಡ ತೋಳಕ್ಕೆ ‘ಒಂಟಿತೋಳ’ ಎನ್ನುತ್ತಾರೆ, ಅದು ಬಲು ಕ್ರೂರ ಎಂದೂ ಬರೆದ. ಜೊತೆಗೆ ಮೈ ನಡುಗಿಸುವ ಒಂದು ಸಂಖ್ಯೆ: 1824ರಲ್ಲಿ, ಎಂದರೆ ಕಿತ್ತೂರು ಹೊತ್ತಿ ಉರಿದ ವರ್ಷವೇ, ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳ ಬಾಯಿಗೆ ಬಿದ್ದರು. ರಾಜಕೀಯದ ಚರಿತ್ರೆಯಲ್ಲಿ ಈ ಮಕ್ಕಳ ಸುಳಿವಿಲ್ಲ. ಸಸ್ತನಿಗಳ ಪಟ್ಟಿಯಲ್ಲಿ ಇದೆ.

ಇದೇ ಕೈ ಇನ್ನೊಂದು ಸಂಗ್ರಹವನ್ನೂ ಬೆಳೆಸುತ್ತಿತ್ತು. ಸೂಡಿ, ನರೇಗಲ್ಲಿನಂಥ ಊರುಗಳಿರುವ ಈ ಸೀಮೆಯಲ್ಲಿ ಗುಡಿಗೊಂದು ಶಾಸನ ನಿಂತಿರುತ್ತದೆ. ಎಲಿಯಟ್ ಅವುಗಳ ಪ್ರತಿ ಮಾಡಿಸತೊಡಗಿ, ಒಟ್ಟು 595 ಶಾಸನಗಳನ್ನು ಕೈಬರಹದ ಸಂಪುಟಗಳಲ್ಲಿ ಕೂಡಿಸಿದ. ‘ಕರ್ನಾಟಕ ದೇಶ ಶಾಸನಗಳು’ ಎಂದು ಪ್ರಸಿದ್ಧವಾದ ಆ ಸಂಪುಟಗಳನ್ನು ಮುಂದೆ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆಯುವಾಗ ಮತ್ತೆ ಮತ್ತೆ ಬಳಸಿಕೊಂಡ. ಚಾಲುಕ್ಯರ ವಂಶಾವಳಿಯೂ ಎರೆಯಿಲಿಯ ವರ್ಣನೆಯೂ ಒಂದೇ ಮೇಜಿನ ಮೇಲೆ ಬೆಳೆದವು ಎಂಬುದನ್ನು ನಮ್ಮ ಇತಿಹಾಸಕಾರರೂ ಪ್ರಾಣಿಶಾಸ್ತ್ರಜ್ಞರೂ ಒಟ್ಟಿಗೆ ಕೂತು ನೋಡಿದ್ದು ಕಡಿಮೆ.

ಎಲಿಯಟ್ 1833ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೋದ. ಮರಳಿ ಬಂದಾಗ ಅವನ ಕೆಲಸ ಮದ್ರಾಸಿನ ಗವರ್ನರನ ಕಚೇರಿಗೆ, ಆಮೇಲೆ ಆಂಧ್ರದ ಕರಾವಳಿಗೆ ಬದಲಾಯಿತು. 1845ರಲ್ಲಿ ಅಮರಾವತಿಯ ಸ್ತೂಪ ಅಗೆಸಿದವನು ಅವನೇ. ಸಂಗ್ರಹಿಸುವ ಅಭ್ಯಾಸ ಎಲ್ಲಿಯೂ ಬಿಡಲಿಲ್ಲ. 1855ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಮ್ಮೇಳನದಲ್ಲಿ ಅವನನ್ನು ಕಂಡ ಚಾರ್ಲ್ಸ್ ಡಾರ್ವಿನ್, ಭಾರತದ ಸಾಕು ಪಾರಿವಾಳಗಳ ಚರ್ಮ ಕಳಿಸಿಕೊಡುವಂತೆ ಕೇಳಿದ. ಎಲಿಯಟ್ ಮದ್ರಾಸಿನಿಂದ ಕಳಿಸಿದ. 1859ರ ‘ಜೀವಿಗಳ ಉಗಮ’ದ ಮೊದಲ ಅಧ್ಯಾಯದಲ್ಲಿ, ಪಾರಿವಾಳದ ಚರ್ಚೆ ಶುರುವಾಗುವಲ್ಲಿಯೇ, ಡಾರ್ವಿನ್ ಅವನಿಗೆ ಕೃತಜ್ಞತೆ ಹೇಳಿದ್ದಾನೆ. ಮಾದರಿ ಕೆಡದಂತೆ ಕಟ್ಟಿ ಸಾಗರ ದಾಟಿಸುವ ವಿದ್ಯೆ ಕಲಿತಿದ್ದು ಧಾರವಾಡದ ಇಲಿಗಳ ಮೇಲಾದರೂ ಫಲ ಕೊಟ್ಟದ್ದು ಅಷ್ಟು ದೂರ. ಕೊನೆಗಾಲದಲ್ಲಿ ಕಣ್ಣು ಮಂಜಾಗಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕವನ್ನು ಹೇಳಿ ಬರೆಸಿ ಮುಗಿಸಿದ. 1887ರ ಮಾರ್ಚ್ 1ರಂದು ಸ್ಕಾಟ್ಲೆಂಡಿನ ವುಲ್ಫ್‌ಲೀಯಲ್ಲಿ ತೀರಿಕೊಂಡ.

ಪಟ್ಟಿಯ ಆಯುಸ್ಸು ಅವನಿಗಿಂತ ದೊಡ್ಡದಾಯಿತು. 1867ರಲ್ಲಿ ಜರ್ಡನ್ ಬರೆದ ‘ಭಾರತದ ಸಸ್ತನಿಗಳು’ ಪುಸ್ತಕದಲ್ಲಿ ಎರೆಯ ಬಿರುಕು, ಹರಳಿನ ಹಾಸಿಗೆ, ಒಂಟಿತೋಳ ಎಲ್ಲವೂ ಎಲಿಯಟ್‌ನ ಮಾತಿನಲ್ಲಿಯೇ ಮತ್ತೆ ಅಚ್ಚಾದವು. ಅಲ್ಲಿಂದ ಮುಂದಿನ ಪುಸ್ತಕಗಳಿಗೂ ಹೋದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರ ಹೊತ್ತಿಗೆ ದೇಶದ ಸಸ್ತನಿಗಳ ಸಮೀಕ್ಷೆಗೆ ಇಳಿದಾಗ, ಸಂಗ್ರಹಕಾರರನ್ನು ಕಳಿಸಿದ ಆರಂಭದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಶಾರ್ಟ್‌ರಿಜ್ ಎಂಬ ಸಂಗ್ರಹಕಾರ ಇಲ್ಲಿ ಬೀಡುಬಿಟ್ಟು ಹೊಸದಾಗಿ ಚರ್ಮ, ಬುರುಡೆ ಕೂಡಿಸಿದ. ಎಲಿಯಟ್‌ನ ಹಳೆಯ ಮಾದರಿಗಳ ಪಕ್ಕದಲ್ಲಿ ಅದೇ ಸೀಮೆಯ ಹೊಸ ಮಾದರಿಗಳನ್ನು ಇಟ್ಟು ಹೋಲಿಸಲು ಇದು ಬೇಕಿತ್ತು. ಮೆಟ್ಟಡೆಗೆ ‘ಮಿಲಾರ್ಡಿಯ’ ಎಂಬ ಕುಲನಾಮ ಬಂದದ್ದು ಆಗಲೇ. ಅದು ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಮಿಲಾರ್ಡ್‌ನ ಗೌರವಕ್ಕೆ.

1839ರ ಈ ಪಟ್ಟಿಗೆ ಇಂದು ಹೊಸ ಉಪಯೋಗ ಹುಟ್ಟಿದೆ. ಅಂದು ಇದ್ದದ್ದು ಏನು ಎಂದು ತಿಳಿದರಲ್ಲವೇ ಹೋದದ್ದು ಏನು ಎಂದು ಲೆಕ್ಕಹಾಕುವುದು. ರೋಣ, ನರಗುಂದದ ಬಯಲಿಗೆ ಮಲಪ್ರಭೆಯ ಕಾಲುವೆ ಬಂದಿದೆ, ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಎಲಿಯಟ್‌ನ ಬುದರಿ ಉಳಿಯಲೆಂದು ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಧಾಮ ಮಾಡಬೇಕಾಗಿ ಬಂತು. ತೋಳಗಳಿಗಾಗಿಯೇ ಒಂದು ಧಾಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಬಂದಿದೆ. ಇಲಿಗಳಿಗೆ ಅಂಥ ಆಶ್ರಯದ ಅಗತ್ಯ ಬಿದ್ದಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಬೆಳೆರಕ್ಷಣೆಯ ಪುಸ್ತಕಗಳಲ್ಲಿ ಮೆಲ್ಟಡ ಇಂದಿಗೂ ಹೊಲದ ಮುಖ್ಯ ಪೀಡೆಗಳ ಸಾಲಿನಲ್ಲಿದೆ.